ದಾನವಾಗಿ ಬಂದ ಹಳೆಯ ಕಂಪ್ಯೂಟರುಗಳನ್ನು ಶಾಲೆ, ಗ್ರಂಥಾಲಯಗಳಿಗೆ ಸಜ್ಜುಗೊಳಿಸುವುದು: ಸಮುದಾಯ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಒಂದು ಕಚೇರಿ ತನ್ನ ಇಪ್ಪತ್ತು ಹಳೆಯ ಕಂಪ್ಯೂಟರುಗಳನ್ನು ಕೊಡಲು ಒಪ್ಪುತ್ತದೆ. ಊರಿನ ಯುವಕ ಸಂಘವೋ ಟ್ರಸ್ಟೋ ಅವನ್ನು ಟೆಂಪೊದಲ್ಲಿ ತಂದು, ಎರಡು ಭಾನುವಾರ ಕುಳಿತು ಒರೆಸಿ, ಹೊಸ ತಂತ್ರಾಂಶ ಹಾಕಿ, ಶಾಲೆಯ ಕೊಠಡಿಯಲ್ಲಿ ಸಾಲಾಗಿ ಜೋಡಿಸಿ, ಗಣ್ಯರಿಂದ ಟೇಪು ಕತ್ತರಿಸಿಸುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧದಷ್ಟು ಯಂತ್ರಗಳ ಮೇಲೆ ಹೊದಿಕೆ ಬಿದ್ದಿರುತ್ತದೆ. ಹೀಗೆ ಸೋತ ತಂಡಗಳು ಕೇಳುವ ಪ್ರಶ್ನೆಗಳನ್ನು ಗಮನಿಸಿದರೆ ಹೆಚ್ಚಿನವರು ರಿಪೇರಿ ಬಲ್ಲವರೇ ಆಗಿರುತ್ತಾರೆ. ಅವರು ಎಡವುವುದು ಕೆಲಸದ ಅನುಕ್ರಮದಲ್ಲಿ. ತಿರಸ್ಕರಿಸಬೇಕಾದದ್ದನ್ನು ಒಪ್ಪಿಕೊಂಡಿರುತ್ತಾರೆ, ಪರೀಕ್ಷಿಸುವ ಮೊದಲೇ ತಂತ್ರಾಂಶ ಹಾಕಿರುತ್ತಾರೆ, ಶಾಲೆಯ ವಿದ್ಯುತ್ ಸಂಪರ್ಕವನ್ನು ನೋಡುವ ಮೊದಲೇ ಯಂತ್ರಗಳನ್ನು ಸಾಗಿಸಿರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಅನುಸರಿಸಬೇಕು.

ಈ ಕೆಲಸಕ್ಕೆ ಈಗ ಒಳ್ಳೆಯ ಯಂತ್ರಗಳು ಸಿಗುವ ಕಾಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಬಹುಮಟ್ಟಿಗೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹೀಗಾಗಿ 4ರಿಂದ 7ನೇ ತಲೆಮಾರಿನ, ಇನ್ನೂ ಹಲವು ವರ್ಷ ದುಡಿಯಬಲ್ಲ ಯಂತ್ರಗಳನ್ನು ಕಚೇರಿಗಳು ಹೊರಗೆ ಹಾಕುತ್ತಿವೆ.

## ಮೊದಲು ಹೊಂದಿಸಿಕೊಳ್ಳಬೇಕಾದ ಜಾಗ ಮತ್ತು ಸಲಕರಣೆ

ಒಣಗಿದ, ಬೀಗ ಹಾಕಬಹುದಾದ ಒಂದು ಕೋಣೆ ಮತ್ತು ಮೂರು ಮೇಜುಗಳು ಬೇಕು. ಮೊದಲನೆಯದರಲ್ಲಿ ವಿಂಗಡಣೆ, ಎರಡನೆಯದರಲ್ಲಿ ಡಿಸ್ಕ್ ಅಳಿಸುವಿಕೆ, ಮೂರನೆಯದರಲ್ಲಿ ರಿಪೇರಿ ಮತ್ತು ಪರೀಕ್ಷೆ ನಡೆಯಬೇಕು. ಒಂದೇ ಮೇಜಿನಲ್ಲಿ ಮೂರನ್ನೂ ಮಾಡಿದರೆ ಅಳಿಸಿದ ಡಿಸ್ಕ್ ಯಾವುದು, ಅಳಿಸದ ಡಿಸ್ಕ್ ಯಾವುದು ಎಂಬ ಗೊಂದಲ ಮೊದಲ ದಿನವೇ ಹುಟ್ಟುತ್ತದೆ.

ಸಲಕರಣೆಗಳ ಪಟ್ಟಿ ದೊಡ್ಡದಲ್ಲ. ಒಳ್ಳೆಯ ಸ್ಕ್ರೂ ಡ್ರೈವರ್ ಸೆಟ್, ಮಲ್ಟಿಮೀಟರ್, ಬ್ಲೋವರ್, ಬಣ್ಣ ಬಳಿಯುವ ಅಗಲ ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ), ಒಂದು ಡಬ್ಬಿ ಸಿಆರ್2032 ಬ್ಯಾಟರಿ (ಯಂತ್ರದ ಗಡಿಯಾರವನ್ನು ನಡೆಸುವ ನಾಣ್ಯದಾಕಾರದ್ದು), ನಾಲ್ಕಾರು ಪೆನ್ ಡ್ರೈವ್, ಮಾರ್ಕರ್ ಪೆನ್ನು ಮತ್ತು ಅಂಟುಚೀಟಿಗಳು, ಕಣ್ಣಿನ ರಕ್ಷಣೆಗೆ ಕನ್ನಡಕ, ಒಂದು ಬಕೆಟ್ ಒಣ ಮರಳು. ಇವುಗಳ ಜೊತೆಗೆ ಅಳಿಸುವ ಮೇಜಿಗೆ ಒಂದು ಯುಪಿಎಸ್ ಕಡ್ಡಾಯ. ಕಾರಣ ನಾಲ್ಕನೆಯ ಹಂತದಲ್ಲಿದೆ. ಸರಿಯಾಗಿ ಕೆಲಸ ಮಾಡುತ್ತದೆಂದು ಖಚಿತವಾಗಿರುವ ಒಂದು ರ‍್ಯಾಮ್, ಒಂದು ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ), ಒಂದು ಮಾನಿಟರ್ ಮತ್ತು ಅದರ ಕೇಬಲನ್ನು ‘ಮಾಪಕ’ ಎಂದು ಬರೆದು ಪ್ರತ್ಯೇಕವಾಗಿಡಿ. ಇವನ್ನು ಯಾವ ಯಂತ್ರಕ್ಕೂ ಶಾಶ್ವತವಾಗಿ ಹಾಕಬಾರದು. ಬೇರೆ ಬಿಡಿಭಾಗ ಕೆಟ್ಟಿದೆಯೇ ಎಂದು ತಿಳಿಯಲು ಇರುವ ತಕ್ಕಡಿ ಇದು.

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ 2000ದಲ್ಲಿ ಆರಂಭವಾದ ಫ್ರೀ ಗೀಕ್ ಎಂಬ ಲಾಭರಹಿತ ಸಂಸ್ಥೆಯಲ್ಲಿ ಸ್ವಯಂಸೇವಕರು ಐದು ಕಂಪ್ಯೂಟರುಗಳನ್ನು ಕಟ್ಟಿಕೊಟ್ಟು ಆರನೆಯದನ್ನು ಮನೆಗೆ ಒಯ್ಯುವ ಪದ್ಧತಿಯಿತ್ತು. ನಮ್ಮ ಕಾಲೇಜು ವಿದ್ಯಾರ್ಥಿಗಳ ವಿಷಯದಲ್ಲಿಯೂ ಇದು ಚೆನ್ನಾಗಿ ಒಗ್ಗುವ ಉಪಾಯ: ಕಲಿಯುವ ಆಸೆ, ಒಯ್ಯುವ ಆಸೆ ಎರಡೂ ಇದ್ದವರು ನಾಲ್ಕನೆಯ ಭಾನುವಾರವೂ ಬರುತ್ತಾರೆ.

## ಹಂತ 1: ಒಪ್ಪಿಕೊಳ್ಳುವ ಮೊದಲು ಕೇಳಬೇಕಾದದ್ದು

ಟೆಂಪೊ ಗೊತ್ತುಮಾಡುವ ಮೊದಲು ದಾನಿಯಿಂದ ಪಟ್ಟಿ ತರಿಸಿಕೊಳ್ಳಬೇಕು. ಮಾದರಿಯ ಹೆಸರು, ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಇದೆಯೇ ಇಲ್ಲವೇ, ಕೊನೆಯದಾಗಿ ಯಾವಾಗ ಚಾಲೂ ಆಗಿತ್ತು ಎಂಬ ಐದು ವಿವರಗಳು ಸಾಕು. ಇಪ್ಪತ್ತು ಯಂತ್ರಗಳಲ್ಲಿ ಹದಿನೈದು ಒಂದೇ ಮಾದರಿಯವಾಗಿದ್ದರೆ ಅದು ಒಳ್ಳೆಯ ದಾನ. ಇಪ್ಪತ್ತೂ ಬೇರೆಬೇರೆಯಾಗಿದ್ದರೆ, ಒಂದೊಂದೂ ಚೆನ್ನಾಗಿಯೇ ಇದ್ದರೂ, ಹಿಂಜರಿಯಬೇಕಾದ ದಾನ. ಒಂದೇ ಮಾದರಿಯಿದ್ದಲ್ಲಿ ಕೆಟ್ಟ ಎರಡರಿಂದ ಒಂದನ್ನು ಮಾಡಬಹುದು, ಒಂದೇ ತಂತ್ರಾಂಶ ಪ್ರತಿಯನ್ನು ಎಲ್ಲಕ್ಕೂ ಹಾಕಬಹುದು. ಕಚೇರಿ ಮಾದರಿಯ ಕೆಲವು ಡೆಸ್ಕ್‌ಟಾಪ್‌ಗಳ ಎಸ್‌ಎಂಪಿಎಸ್ ಕನೆಕ್ಟರ್ ಆ ಕಂಪನಿಗಷ್ಟೇ ವಿಶಿಷ್ಟವಾಗಿರುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕೀತು, ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗಲಾರದು.

ದಾನಿಯ ಐಟಿ ವಿಭಾಗಕ್ಕೆ ಮೂರು ಕೆಲಸಗಳನ್ನು ಬರವಣಿಗೆಯಲ್ಲಿ ಹೇಳಬೇಕು. ಬಯೋಸ್ (ಯಂತ್ರ ಏಳುವಾಗ ಮೊದಲು ಓಡುವ ಮೂಲ ತಂತ್ರಾಂಶ) ಪಾಸ್‌ವರ್ಡ್ ತೆಗೆಯಬೇಕು. ಯಂತ್ರವನ್ನು ಕಂಪನಿಯ ದೂರನಿಯಂತ್ರಣ ವ್ಯವಸ್ಥೆಯಿಂದ ಬಿಡಿಸಬೇಕು. ಆಪಲ್ ಯಂತ್ರಗಳಾಗಿದ್ದರೆ ಆ್ಯಕ್ಟಿವೇಷನ್ ಲಾಕ್ (ಹಳೆಯ ಮಾಲೀಕರ ಖಾತೆಯಿಲ್ಲದೆ ಯಂತ್ರ ತೆರೆಯದಂತೆ ಮಾಡುವ ಬೀಗ) ತೆಗೆಯಬೇಕು. ಡೆಸ್ಕ್‌ಟಾಪ್‌ನ ಪಾಸ್‌ವರ್ಡನ್ನು ಸಾಮಾನ್ಯವಾಗಿ ಮದರ್‌ಬೋರ್ಡಿನ ಜಂಪರ್ (ಎರಡು ಪಿನ್ನುಗಳನ್ನು ಜೋಡಿಸುವ ಚಿಕ್ಕ ಮುಚ್ಚಳ) ಮೂಲಕ ಅಳಿಸಬಹುದು. ಕಚೇರಿ ಲ್ಯಾಪ್‌ಟಾಪ್‌ಗಳಲ್ಲಿ ಅದು ಪ್ರತ್ಯೇಕ ಚಿಪ್‌ನಲ್ಲಿ ಇರುವುದರಿಂದ ಬ್ಯಾಟರಿ ತೆಗೆದಿಟ್ಟರೂ ಹೋಗುವುದಿಲ್ಲ. ನಮ್ಮ ತಂಡ ಒಮ್ಮೆ ಹನ್ನೊಂದು ಒಳ್ಳೆಯ ಲ್ಯಾಪ್‌ಟಾಪ್‌ಗಳನ್ನು ಸಂಭ್ರಮದಿಂದ ಹೊತ್ತು ತಂದು, ಅಷ್ಟಕ್ಕೂ ಪಾಸ್‌ವರ್ಡ್ ಇರುವುದನ್ನು ಕಂಡು ದಾನಿಗೆ ಫೋನ್ ಮಾಡಿದಾಗ, ಅದನ್ನು ಬಲ್ಲ ನೌಕರರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು.

ಕಾನೂನಿನ ವಿಷಯವನ್ನೂ ಈ ಹಂತದಲ್ಲಿಯೇ ಮುಗಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಪ್ರಕಾರ ಸಗಟು ಬಳಕೆದಾರರೆನಿಸಿದ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕರು, ರಿಫರ್ಬಿಷರ್‌ಗಳು (ಹಳೆಯದನ್ನು ಸರಿಪಡಿಸಿ ಬಳಕೆಗೆ ತರುವವರು) ಅಥವಾ ಮರುಬಳಕೆದಾರರಿಗೆ (ತ್ಯಾಜ್ಯವನ್ನು ಬಿಡಿಸಿ ಲೋಹ ಮುಂತಾದವನ್ನು ಹೊರತೆಗೆಯುವವರು) ಮಾತ್ರ ಒಪ್ಪಿಸಬೇಕು. ಚಾಲೂ ಇರುವ ಯಂತ್ರವನ್ನು ಬಳಕೆಗಾಗಿ ದಾನ ಮಾಡುವುದು ಬೇರೆ, ಕೆಟ್ಟದ್ದನ್ನು ಸಾಗಹಾಕುವುದು ಬೇರೆ. ದಾನಪತ್ರದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿರಬೇಕು. ಸರಿಪಡಿಸಿ ಮಾರುವ ಯೋಚನೆಯಿದ್ದರೆ ನೋಂದಣಿಯ ಪ್ರಶ್ನೆ ಬರುತ್ತದೆಯಾದ್ದರಿಂದ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಕಚೇರಿಯನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಕಡತದಲ್ಲಿಡಿ.

ಎಚ್ಚರಿಕೆಯ ಸೂಚನೆ: “ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು ಹೋದರೆ ಮಾತ್ರ ಕೊಡುತ್ತೇವೆ” ಎನ್ನುವ ದಾನಿಗೆ ಬೇಕಾಗಿರುವುದು ಗೋದಾಮು ಖಾಲಿ ಮಾಡುವವರು. ಕೈಮುಗಿದು ಬನ್ನಿ.

## ಹಂತ 2: ಇಳಿಸಿಕೊಳ್ಳುವುದು ಮತ್ತು ಸಂಖ್ಯೆ ಕೊಡುವುದು

ವಾಹನದಿಂದ ಇಳಿದ ಪ್ರತಿ ಯಂತ್ರಕ್ಕೂ, ಒಳಗೆ ಹೋಗುವ ಮೊದಲೇ, ಒಂದು ಸಂಖ್ಯೆಯ ಚೀಟಿ ಅಂಟಿಸಿ ದಾಸ್ತಾನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಡಿಸ್ಕನ್ನು ಹೊರತೆಗೆದರೆ ಅದಕ್ಕೂ ಅದೇ ಸಂಖ್ಯೆ. ದಾನಿಯ ಆಸ್ತಿ ಸಂಖ್ಯೆಯ ಸ್ಟಿಕ್ಕರ್ ಇದ್ದರೆ ಅದನ್ನು ಬರೆದುಕೊಂಡ ಮೇಲೆಯೇ ಕೀಳಬೇಕು. ಮುಂದೆ ಲೆಕ್ಕಪರಿಶೋಧನೆಯಲ್ಲಿ ಅವರು ಕೇಳುವುದು ಅದೇ ಸಂಖ್ಯೆಯನ್ನು.

ಯಂತ್ರಗಳನ್ನು ನೆಲದ ಮೇಲೆ ಇಡಬಾರದು. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ತೇವ ನೆಲದಿಂದಲೇ ಏರುತ್ತದೆ. ಬಯಲುಸೀಮೆಯಲ್ಲಿ ಇಲಿ ಮತ್ತು ಇರುವೆಗಳ ಕಾಟ. ಹಿಂಬದಿಯ ತೆರೆದ ಸ್ಲಾಟ್‌ಗಳ ಮೂಲಕ ಹಲ್ಲಿ ಒಳಹೊಕ್ಕು ಎಸ್‌ಎಂಪಿಎಸ್ ಸುಟ್ಟ ಉದಾಹರಣೆಗಳು ಬೇಕಾದಷ್ಟಿವೆ, ಆದ್ದರಿಂದ ತಗಡಿನ ಮುಚ್ಚಳಗಳು ಕಳೆದುಹೋಗಿದ್ದರೆ ಇಲ್ಲಿಯೇ ಟೇಪು ಹಚ್ಚಿ.

ಲ್ಯಾಪ್‌ಟಾಪ್‌ಗಳನ್ನು ಒಂದೊಂದಾಗಿ ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಅಲುಗಾಡಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳಭಾಗ ಉಬ್ಬಿದ್ದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದಕ್ಕೆ ಚಾರ್ಜರ್ ಹಾಕಬಾರದು, ಸ್ಕ್ರೂ ಡ್ರೈವರಿನಿಂದ ಮೀಟಬಾರದು, ಒತ್ತಿ ಕೂರಿಸಬಾರದು. ಅನುಭವಿಗಳು ಅದನ್ನು ಬಿಚ್ಚಿ, ಒಣ ಮರಳಿನ ಬಕೆಟ್ಟಿನಲ್ಲಿ, ಕಟ್ಟಡದ ಹೊರಗೆ ನೆರಳಿನಲ್ಲಿ ಇಡಬೇಕು.

## ಹಂತ 3: ಹತ್ತು ನಿಮಿಷದ ವಿಂಗಡಣೆ

ಪ್ರತಿ ಯಂತ್ರಕ್ಕೂ ಹತ್ತೇ ನಿಮಿಷ. ಇದು ರಿಪೇರಿಯ ಹಂತವಲ್ಲ ಎಂಬುದನ್ನು ಗೋಡೆಯ ಮೇಲೆ ಬರೆದು ಹಾಕಿದರೂ ತಪ್ಪಲ್ಲ, ಏಕೆಂದರೆ ಕೈಗೆ ಸ್ಕ್ರೂ ಡ್ರೈವರ್ ಸಿಕ್ಕ ಉತ್ಸಾಹಿಗಳು ಮೊದಲ ಯಂತ್ರದಲ್ಲಿಯೇ ಅರ್ಧ ದಿನ ಕಳೆಯುತ್ತಾರೆ.

ಮುಚ್ಚಳ ತೆಗೆದು ಕಣ್ಣಿನಿಂದ ನೋಡಿ, ಮೂಗಿನಿಂದಲೂ ನೋಡಿ. ಸುಟ್ಟ ವಾಸನೆ, ಮದರ್‌ಬೋರ್ಡಿನ ಮೇಲೆ ತಲೆ ಉಬ್ಬಿದ ಅಥವಾ ಕಂದು ದ್ರವ ಸೋರಿದ ಕೆಪಾಸಿಟರ್‌ಗಳು, ಹಸಿರು ತುಕ್ಕು ಕಂಡರೆ ವಿದ್ಯುತ್ ಕೊಡದೆ ನೇರವಾಗಿ ಬಿಡಿಭಾಗಗಳ ರಾಶಿಗೆ ಕಳಿಸಿ. ಮಿಕ್ಕವನ್ನು ಚಾಲೂ ಮಾಡಿ ಬಯೋಸ್ ಪರದೆಯವರೆಗೆ ಬರುತ್ತದೆಯೇ ಎಂದು ನೋಡಿ. ಬಾರದಿದ್ದರೆ ಒಂದೇ ಪ್ರಯತ್ನ: ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಚೂರುಗಳನ್ನು ಕೊಡವಿ, ಮತ್ತೆ ಕೂರಿಸುವುದು. ಪರದೆ ಕಪ್ಪಾಗಿಯೇ ಇರುವ ಯಂತ್ರಗಳಲ್ಲಿ ಬಹಳಷ್ಟು ಇಷ್ಟಕ್ಕೇ ಏಳುತ್ತವೆ.

ನಂತರ ಮೂರು ರಾಶಿ. 4ನೇ ತಲೆಮಾರಿನ, ಅಂದರೆ 2013ರ ಅಥವಾ ನಂತರದ ಇಂಟೆಲ್ ಕೋರ್ ಪ್ರೊಸೆಸರ್ ಅಥವಾ ಅದಕ್ಕೆ ಸಮನಾದದ್ದು, 8 ಜಿಬಿವರೆಗೆ ಏರಿಸಬಹುದಾದ ರ‍್ಯಾಮ್ ಇದ್ದು ಬಯೋಸ್ ಪರದೆ ಬಂದರೆ ಮೊದಲ ರಾಶಿ. ಅದೇ ಮಾದರಿಯ, ಆದರೆ ಏಳದ ಯಂತ್ರಗಳು ಬಿಡಿಭಾಗಗಳ ರಾಶಿ. ಉಳಿದದ್ದು ವಿಲೇವಾರಿಯ ರಾಶಿ. ಕೋರ್ 2 ಡ್ಯುಯೊ ಯಂತ್ರಗಳು ಚಾಲೂ ಆಗುತ್ತವೆ, ಅವನ್ನು ಎಸೆಯಲು ಮನಸ್ಸಾಗುವುದಿಲ್ಲ, ಆದರೆ ಇಂದಿನ ಬ್ರೌಸರಿನಲ್ಲಿ ಒಂದು ಪಾಠದ ವಿಡಿಯೊ ತೆರೆಯುವಷ್ಟರಲ್ಲಿ ಮಕ್ಕಳ ಪೀರಿಯಡ್ ಮುಗಿದಿರುತ್ತದೆ. 32-ಬಿಟ್ ಯಂತ್ರಗಳಿಗೆ ದಾರಿಯೇ ಮುಚ್ಚುತ್ತಿದೆ: 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗಳಿಗೆ ಅನುಸ್ಥಾಪಕವೇ ಇಲ್ಲ.

ಹಳೆಯ ದಪ್ಪ ಸಿಆರ್‌ಟಿ ಮಾನಿಟರುಗಳನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಗಾಜಿನಲ್ಲಿ ಸೀಸವಿದೆ, ಒಳಗೆ ನಿರ್ವಾತವಿದೆ, ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ಪ್ರಮಾಣದ ವಿದ್ಯುತ್ ಉಳಿದಿರಬಹುದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಬಿಚ್ಚುವುದೂ ಅಷ್ಟೇ ಅಪಾಯ. ಮೊದಲ ತಲೆಮಾರಿನ ಎಲ್‌ಸಿಡಿ ಪರದೆಗಳ ಹಿಂಬೆಳಕಿನ ಕೊಳವೆಯಲ್ಲಿ ಪಾದರಸವಿರುವುದರಿಂದ ಒಡೆದ ಪರದೆಗಳನ್ನು ಚೀಲದಲ್ಲಿ ಕಟ್ಟಿ ಪ್ರತ್ಯೇಕವಾಗಿಡಿ.

## ಹಂತ 4: ದತ್ತಾಂಶವನ್ನು ಅಳಿಸುವುದು

ತಂಡಗಳು ಹೆಚ್ಚಾಗಿ ಹಾರಿಸುವ ಹಂತ ಇದು, ಹಾರಿಸಿದರೆ ಮತ್ತೆಂದೂ ದಾನ ಸಿಗದಂತೆ ಮಾಡುವ ಹಂತವೂ ಇದೇ. “ಫಾರ್ಮ್ಯಾಟ್ ಮಾಡಿದ್ದೇವೆ” ಎಂಬ ಉತ್ತರ ಸಾಲದು. ತ್ವರಿತ ಫಾರ್ಮ್ಯಾಟ್ ಮಾಡಿದಾಗ ಕಡತಗಳ ವಿಳಾಸಪಟ್ಟಿ ಮಾತ್ರ ಹೊಸದಾಗುತ್ತದೆ. ಸಂಬಳದ ಪಟ್ಟಿ, ಆಧಾರ್ ಪ್ರತಿ, ರೋಗಿಗಳ ವಿವರ ಎಲ್ಲವೂ ಡಿಸ್ಕಿನಲ್ಲಿ ಹಾಗೆಯೇ ಇರುತ್ತವೆ, ಉಚಿತವಾಗಿ ಸಿಗುವ ತಂತ್ರಾಂಶದಿಂದ ಅವನ್ನು ಹೊರತೆಗೆಯಬಹುದು.

ಮೊದಲು ಆರೋಗ್ಯ ನೋಡಿ, ನಂತರ ಅಳಿಸಿ, ಮತ್ತೆ ಆರೋಗ್ಯ ನೋಡಿ. ಲಿನಕ್ಸ್ (ವಿಂಡೋಸ್‌ಗೆ ಬದಲಾಗಿ ಬಳಸುವ ಉಚಿತ ಕಾರ್ಯಾಚರಣಾ ತಂತ್ರಾಂಶ) ಪೆನ್ ಡ್ರೈವ್‌ನಿಂದ ಯಂತ್ರವನ್ನು ಎಬ್ಬಿಸಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ವರದಿಯನ್ನು ತೆರೆಯಿರಿ. ಅದರಲ್ಲಿ ಮೂರು ಸಾಲುಗಳು ಮುಖ್ಯ: 5ನೆಯದು (ಬದಲಿ ಜಾಗಕ್ಕೆ ಸ್ಥಳಾಂತರಗೊಂಡ ಸೆಕ್ಟರುಗಳು), 197ನೆಯದು (ಓದಲು ತೊಡಕಾಗಿ ಕಾದಿರುವ ಸೆಕ್ಟರುಗಳು), 198ನೆಯದು (ಸರಿಪಡಿಸಲಾಗದವು). ಇವುಗಳ ಮೂಲ ಅಂಕೆಯನ್ನು ಬರೆದುಕೊಂಡು ಅಳಿಸಲು ಹಚ್ಚಿ. ಅಳಿಸುವಾಗ ಡಿಸ್ಕಿನ ಪ್ರತಿ ಸೆಕ್ಟರಿನ ಮೇಲೂ ಬರೆಯುವುದರಿಂದ ಅದೇ ಒಂದು ಕಠಿಣ ಪರೀಕ್ಷೆಯಾಗುತ್ತದೆ. ಮುಗಿದ ಮೇಲೆ ಅಂಕೆಗಳು ಏರಿದ್ದರೆ ಆ ಡಿಸ್ಕ್ ಸಾಯುತ್ತಿದೆ. ಇಂದು ಚಾಲೂ ಇದ್ದರೂ ಶಾಲೆಗೆ ಹೋಗಬಾರದು. ಎರಡು ಕೆಲಸಗಳು ಒಂದೇ ಸಮಯದಲ್ಲಿ ಮುಗಿಯುವುದರಿಂದ ಅಳಿಸುವಿಕೆಗೆ ಸಮಯವಿಲ್ಲ ಎಂಬ ನೆಪಕ್ಕೂ ಜಾಗವಿಲ್ಲ.

ತಿರುಗುವ ಹಾರ್ಡ್‌ಡಿಸ್ಕ್‌ಗಳಿಗೆ ಶ್ರೆಡ್‌ಓಎಸ್ ಪೆನ್ ಡ್ರೈವ್‌ನಲ್ಲಿ ಬರುವ ಎನ್‌ವೈಪ್ ತಂತ್ರಾಂಶ ಸಾಕು. ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆ ಬರೆದು, ಒಮ್ಮೆ ಓದಿ ಪರಿಶೀಲಿಸುವ ಆಯ್ಕೆಯನ್ನು ತೆಗೆದುಕೊಳ್ಳಿ. ಏಳು ಬಾರಿ, ಮೂವತ್ತೈದು ಬಾರಿ ಬರೆಯುವುದು ಹಳೆಯ ಕಾಲದ ಡಿಸ್ಕ್‌ಗಳ ಕುರಿತಾದ ಮಾತು, ಈಗ ಅದರಿಂದ ವಿದ್ಯುತ್ ಖರ್ಚು ಮಾತ್ರ. 500 ಜಿಬಿ ಡಿಸ್ಕ್ ಸೆಕೆಂಡಿಗೆ ಸರಾಸರಿ 100 ಎಂಬಿ ವೇಗದಲ್ಲಿ ಬರೆದರೆ ಸುಮಾರು ಒಂದೂವರೆ ಗಂಟೆ, ಪರಿಶೀಲನೆಗೆ ಮತ್ತಷ್ಟೇ ಸಮಯ ಬೇಕು. ಒಂದೇ ಮದರ್‌ಬೋರ್ಡಿಗೆ ನಾಲ್ಕು ಡಿಸ್ಕ್ ಜೋಡಿಸಿದರೆ ಸಂಜೆಗೆ ಹನ್ನೆರಡು ಮುಗಿಯುತ್ತವೆ. 500 ಜಿಬಿಗೆ ಆರೇಳು ಗಂಟೆ ತೆಗೆದುಕೊಳ್ಳುವ ಡಿಸ್ಕ್ ಕಂಡರೆ, ವರದಿ ಏನೇ ಹೇಳಲಿ, ಅದನ್ನು ನಂಬಬೇಡಿ.

ತಿರುಗುವ ತಟ್ಟೆಯ ಬದಲು ಮೆಮೊರಿ ಚಿಪ್ಪುಗಳಲ್ಲಿ ದತ್ತಾಂಶ ಇಡುವ ಎಸ್‌ಎಸ್‌ಡಿಗಳಿಗೆ ಇದೇ ವಿಧಾನ ಸಲ್ಲದು. ಎಸ್‌ಎಸ್‌ಡಿ ತನ್ನೊಳಗೆ ಕಾದಿರಿಸಿದ ಜಾಗವನ್ನು ಹೊರಗೆ ತೋರಿಸುವುದಿಲ್ಲವಾದ್ದರಿಂದ ಮೇಲಿನಿಂದ ಸೊನ್ನೆ ಬರೆದರೂ ಹಳೆಯ ತುಣುಕುಗಳು ಉಳಿಯಬಹುದು. ಸಾಟಾ, ಎನ್‌ವಿಎಂಇ ಎಂಬವು ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಎರಡು ವಿಧಾನಗಳು: ಸಾಟಾ ಎಸ್‌ಎಸ್‌ಡಿಗೆ ‘ಸೆಕ್ಯೂರ್ ಇರೇಸ್’ ಆದೇಶವನ್ನೂ, ಎನ್‌ವಿಎಂಇ ಎಸ್‌ಎಸ್‌ಡಿಗೆ ಅದರದೇ ಫಾರ್ಮ್ಯಾಟ್ ಅಥವಾ ಸ್ಯಾನಿಟೈಜ್ ಆದೇಶವನ್ನೂ ಕೊಡಬೇಕು. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಇಲ್ಲಿ ಎರಡು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಸಾಟಾ ಡಿಸ್ಕ್ ‘ಫ್ರೋಜನ್’ ಎಂದು ಹೇಳಿ ಆದೇಶವನ್ನು ನಿರಾಕರಿಸಿದರೆ ಯಂತ್ರವನ್ನು ಸಸ್ಪೆಂಡ್ ಮಾಡಿ, ಹತ್ತು ಸೆಕೆಂಡು ಬಿಟ್ಟು ಎಬ್ಬಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಎರಡನೆಯದು ಹೆಚ್ಚು ಗಂಭೀರ: ಈ ಆದೇಶಕ್ಕೆ ಮೊದಲು ಡಿಸ್ಕಿಗೆ ತಾತ್ಕಾಲಿಕ ಪಾಸ್‌ವರ್ಡ್ ಇಡಬೇಕಾಗುತ್ತದೆ, ಮಧ್ಯೆ ಕರೆಂಟು ಹೋದರೆ ಡಿಸ್ಕ್ ಆ ಪಾಸ್‌ವರ್ಡಿನಿಂದ ಬೀಗ ಹಾಕಿಕೊಂಡೇ ಉಳಿಯುತ್ತದೆ. ಅಳಿಸುವ ಮೇಜಿಗೆ ಯುಪಿಎಸ್ ಬೇಕೆಂದದ್ದು ಇದಕ್ಕಾಗಿ. ಎಲ್ಲ ಡಿಸ್ಕ್‌ಗಳಿಗೂ ಒಂದೇ ಸರಳ ಪಾಸ್‌ವರ್ಡ್ ಬಳಸಿ, ಅದನ್ನು ಮೇಜಿನ ಮೇಲೆಯೇ ಬರೆದು ಅಂಟಿಸಿ. ಯುಎಸ್‌ಬಿ ಅಡಾಪ್ಟರ್ ಮೂಲಕ ಈ ಆದೇಶವನ್ನು ಕೊಡಲೇಬೇಡಿ.

ಅಳಿಸಲಾಗದ ಡಿಸ್ಕನ್ನು ನಾಶಮಾಡಬೇಕು. 3.5 ಇಂಚಿನ ಡಿಸ್ಕಿಗೆ ಡ್ರಿಲ್‌ನಿಂದ ತಟ್ಟೆಗಳನ್ನು ಹಾಯುವಂತೆ ಮೂರ್ನಾಲ್ಕು ತೂತು ಕೊರೆಯಿರಿ. ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕ್‌ಗಳ ತಟ್ಟೆ ಹೆಚ್ಚಾಗಿ ಗಾಜಿನದು, ಏಟಿಗೆ ಪುಡಿಯಾಗಿ ಸಿಡಿಯುತ್ತದೆ. ಕನ್ನಡಕ ಧರಿಸಿ, ಡಿಸ್ಕನ್ನು ಗೋಣಿಚೀಲದಲ್ಲಿ ಸುತ್ತಿ ಈ ಕೆಲಸ ಮಾಡಬೇಕು. ಎಸ್‌ಎಸ್‌ಡಿಯಾದರೆ ಪ್ರತಿಯೊಂದು ಮೆಮೊರಿ ಚಿಪ್ಪೂ ಒಡೆಯಬೇಕು, ನಡುವೆ ಒಂದು ತೂತು ಕೊರೆದರೆ ಏನೂ ಆಗುವುದಿಲ್ಲ.

ಕೊನೆಯಲ್ಲಿ ಡಿಸ್ಕಿನ ಸೀರಿಯಲ್ ಸಂಖ್ಯೆ, ವಿಧಾನ, ದಿನಾಂಕ, ಅಳಿಸಿದವರ ಸಹಿ ಇರುವ ಪತ್ರವನ್ನು ದಾನಿಗೆ ಕೊಡಿ. ಎನ್‌ವೈಪ್ ತಾನೇ ಪಿಡಿಎಫ್ ದಾಖಲೆ ತಯಾರಿಸುತ್ತದೆ, ಅದನ್ನು ಮುದ್ರಿಸಿದರೂ ಸಾಕು.

## ಹಂತ 5: ಸ್ವಚ್ಛತೆ ಮತ್ತು ರಿಪೇರಿ

ಧೂಳು ತೆಗೆಯುವುದನ್ನು ಕೋಣೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆಯನ್ನು ಹೊರಕವಚಕ್ಕೆ ಮಾತ್ರ ಬಳಸಿ.

ಹತ್ತು ವರ್ಷದ ಯಂತ್ರದಲ್ಲಿ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಹೀಟ್‌ಸಿಂಕನ್ನು ನೇರವಾಗಿ ಮೇಲಕ್ಕೆಳೆಯದೆ ಸ್ವಲ್ಪ ತಿರುವಿ ಬಿಡಿಸಿ, ಆಲ್ಕೊಹಾಲಿನಿಂದ ಒರೆಸಿ, ಬಟಾಣಿ ಕಾಳಿಗಿಂತ ಚಿಕ್ಕದಾದಷ್ಟು ಹೊಸ ಪೇಸ್ಟ್ ಇಡಿ. ಸಿಆರ್2032 ಬ್ಯಾಟರಿಯನ್ನು ಅಳೆಯುವ ಗೋಜಿಗೂ ಹೋಗದೆ ಎಲ್ಲ ಯಂತ್ರಗಳಲ್ಲಿಯೂ ಬದಲಾಯಿಸಿಬಿಡಿ. ಅದು ಸತ್ತರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಗಡಿಯಾರ ತಪ್ಪಾದರೆ ಬ್ರೌಸರು ಎಲ್ಲ ಜಾಲತಾಣಗಳನ್ನೂ ಅಸುರಕ್ಷಿತವೆಂದು ತಡೆಯುತ್ತದೆ. ಶಾಲೆಯವರು “ಇಂಟರ್ನೆಟ್ ಕೆಟ್ಟಿದೆ” ಎಂದು ಫೋನ್ ಮಾಡುವುದು ಹಲವು ಬಾರಿ ಈ ಚಿಕ್ಕ ನಾಣ್ಯದ ಕಾರಣಕ್ಕೆ.

ಎಸ್‌ಎಂಪಿಎಸ್‌ನ ವೋಲ್ಟೇಜನ್ನು ಯಂತ್ರ ಚಾಲೂ ಇರುವಾಗ ಅಳೆಯಿರಿ. 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6, 5 ವೋಲ್ಟಿನದರಲ್ಲಿ 4.75ರಿಂದ 5.25ರ ಒಳಗೆ ಇರಬೇಕು. ಹೊರಗಿದ್ದರೆ ಇಡೀ ಪೆಟ್ಟಿಗೆಯನ್ನೇ ಬದಲಿಸಿ.

ಖರ್ಚು ಮಾಡಲು ಹಣವಿದ್ದರೆ ಅದೆಲ್ಲವೂ 240 ಅಥವಾ 256 ಜಿಬಿಯ ಎಸ್‌ಎಸ್‌ಡಿಗೆ ಹೋಗಲಿ. ಹೊಸ ಕೀಬೋರ್ಡು, ಹೊಸ ಮೌಸ್ ನೋಡಲು ಚೆಂದ. ಆದರೆ ಹಳೆಯ ಯಂತ್ರದ ವೇಗ ಕಣ್ಣಿಗೆ ಕಾಣುವಷ್ಟು ಬದಲಾಗುವುದು ಡಿಸ್ಕಿನಿಂದ.

## ಹಂತ 6: ದಣಿಸಿ ನೋಡುವುದು

ತಂತ್ರಾಂಶ ಹಾಕುವ ಮೊದಲೇ ಈ ಪರೀಕ್ಷೆ ಆಗಬೇಕು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪೆನ್ ಡ್ರೈವ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ಆ ರ‍್ಯಾಮ್ ಕಸ. ಹಗಲಿನಲ್ಲಿ ಪ್ರೊಸೆಸರಿಗೆ ಒಂದು ಗಂಟೆ ಪೂರ್ಣ ಹೊರೆ ಕೊಟ್ಟು ಉಷ್ಣತೆಯನ್ನು ಗಮನಿಸಿ. 85 ಡಿಗ್ರಿ ದಾಟಿದರೆ ಪೇಸ್ಟ್ ಸರಿಯಾಗಿ ಕೂತಿಲ್ಲ, ಅಥವಾ ಫ್ಯಾನ್ ಸೋತಿದೆ. ನಿಮ್ಮ ಕೋಣೆಗಿಂತ ಏಪ್ರಿಲ್ ತಿಂಗಳ ರಾಯಚೂರಿನ ತಗಡಿನ ಸೂರಿನ ಕೊಠಡಿ ಎಷ್ಟು ಬಿಸಿಯಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ತೀರ್ಮಾನಿಸಿ.

ಪ್ರತಿ ಯುಎಸ್‌ಬಿ ಕಿಂಡಿ, ಧ್ವನಿ, ನೆಟ್‌ವರ್ಕ್ ಕಿಂಡಿಗಳನ್ನು ಒಂದೊಂದಾಗಿ ನೋಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಮೇಲೆ ವಿಡಿಯೊ ಓಡಿಸಿ, ಆರುವವರೆಗಿನ ಸಮಯವನ್ನು ಚೀಟಿಯಲ್ಲಿ ಬರೆಯಿರಿ. ಒಂದು ಗಂಟೆಯೂ ಬಾರದ ಬ್ಯಾಟರಿ ಎಂದು ಮೊದಲೇ ಹೇಳಿ ಕೊಟ್ಟರೆ ಯಾರೂ ಬೇಸರಿಸುವುದಿಲ್ಲ.

## ಹಂತ 7: ಒಂದೇ ಮಾದರಿ ಪ್ರತಿ, ಕನ್ನಡ ಸಹಿತ

ಇಪ್ಪತ್ತು ಯಂತ್ರಗಳಿಗೆ ಇಪ್ಪತ್ತು ಬಾರಿ ತಂತ್ರಾಂಶ ಹಾಕಬೇಡಿ. ಒಂದು ಯಂತ್ರವನ್ನು ಸಂಪೂರ್ಣವಾಗಿ ಸಜ್ಜುಗೊಳಿಸಿ, ಒಂದು ವಾರ ಒಬ್ಬ ಶಿಕ್ಷಕರ ಕೈಯಲ್ಲಿ ಬಳಸಿಸಿ, ನಂತರ ಕ್ಲೋನ್‌ಜಿಲ್ಲಾ ಎಂಬ ನಕಲು ತಂತ್ರಾಂಶದಿಂದ ಅದರ ಪ್ರತಿಯನ್ನು ಉಳಿದವಕ್ಕೆ ಇಳಿಸಿ. ಮಾದರಿ ಯಂತ್ರದ ಡಿಸ್ಕ್ ಎಲ್ಲಕ್ಕಿಂತ ಚಿಕ್ಕದಾಗಿರಬೇಕು, ಎಲ್ಲ ಯಂತ್ರಗಳ ಬಯೋಸ್ ಒಂದೇ ಬೂಟ್ ವಿಧಾನದಲ್ಲಿರಬೇಕು; ಯುಇಎಫ್‌ಐ ಎಂಬ ಹೊಸ ವಿಧಾನದಲ್ಲಿ ತಯಾರಿಸಿದ ಪ್ರತಿ ಹಳೆಯ ಲೆಗಸಿ ವಿಧಾನದಲ್ಲಿ ಏಳುವುದಿಲ್ಲ. ಪ್ರತಿ ಇಳಿಸಿದ ಮೇಲೆ ಪ್ರತಿಯೊಂದರ ಹೆಸರನ್ನೂ ಒಳಗುರುತನ್ನೂ ಹೊಸದಾಗಿಸಬೇಕು, ಇಲ್ಲದಿದ್ದರೆ ಜಾಲದಲ್ಲಿ ಎರಡು ಯಂತ್ರಗಳು ಒಂದೇ ಎಂಬಂತೆ ಕಾಣಿಸಿಕೊಂಡು ಗೊಂದಲವಾಗುತ್ತದೆ.

ಯಾವ ಲಿನಕ್ಸ್ ಎಂಬ ವಾದಕ್ಕೆ ಒಂದು ಭಾನುವಾರವನ್ನು ಬಲಿಕೊಡುವ ಅಗತ್ಯವಿಲ್ಲ. ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿದೆ, ವಿಂಡೋಸ್ ಬಳಸಿದವರಿಗೆ ಅಪರಿಚಿತವೆನಿಸುವುದಿಲ್ಲ, 2029ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. ಕಳ್ಳ ಪ್ರತಿಯ ವಿಂಡೋಸ್ ಹಾಕುವುದು ಸಂಸ್ಥೆಯ ಹೆಸರಿಗೂ ಶಾಲೆಯ ಹೆಸರಿಗೂ ಕೇಡು.

ಇಲ್ಲಿ ಕರ್ನಾಟಕಕ್ಕೇ ವಿಶಿಷ್ಟವಾದ ಒಂದು ಸೋಲಿದೆ. ಶಾಲೆಯ ಗುಮಾಸ್ತರು, ಶಿಕ್ಷಕರು ವರ್ಷಗಳಿಂದ ವಿಂಡೋಸ್‌ನಲ್ಲಿ ನುಡಿ ತಂತ್ರಾಂಶದಿಂದ ಪ್ರಶ್ನೆಪತ್ರಿಕೆ, ವರ್ಗಾವಣೆ ಪತ್ರಗಳನ್ನು ಟೈಪಿಸಿರುತ್ತಾರೆ. ಆ ಕಡತವನ್ನು ಹೊಸ ಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ರೋಮನ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ರಾಶಿ ಕಾಣಿಸುತ್ತದೆ. ಏಕೆಂದರೆ ಅದು ಎಲ್ಲ ಯಂತ್ರಗಳೂ ಓದಬಲ್ಲ ಯುನಿಕೋಡಿನಲ್ಲಿ ಇರದೆ, ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಆಸ್ಕಿ ಫಾಂಟಿನಲ್ಲಿದೆ. ಯಂತ್ರ ಕೆಟ್ಟಿದೆಯೆಂದು ಅಂದೇ ತೀರ್ಮಾನವಾಗುತ್ತದೆ, ಮರುದಿನದಿಂದ ಅದನ್ನು ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕವನ್ನು ಮಾದರಿ ಪ್ರತಿಯಲ್ಲಿಯೇ ಸೇರಿಸಿ, ಶಾಲೆಯ ಹತ್ತು ಹಳೆಯ ಕಡತಗಳನ್ನು ಅವರೆದುರಿಗೇ ಪರಿವರ್ತಿಸಿ ತೋರಿಸಿ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ ವಿನ್ಯಾಸವನ್ನು ಆರಿಸಿ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದು ಒಗ್ಗುತ್ತದೆ. ಕನ್ನಡ–ಇಂಗ್ಲಿಷ್ ಬದಲಾಯಿಸುವ ಕೀಲಿ ಯಾವುದೆಂಬ ಚೀಟಿಯನ್ನು ಪ್ರತಿ ಮಾನಿಟರಿನ ಅಂಚಿಗೂ ಅಂಟಿಸಿ. ಒತ್ತಕ್ಷರಗಳು, ಅರ್ಕಾವತ್ತು ಸರಿಯಾಗಿ ಮೂಡುತ್ತವೆಯೇ ಎಂದು ಪರದೆಯ ಮೇಲೆ ಮಾತ್ರವಲ್ಲ, ಶಾಲೆಯದೇ ಪ್ರಿಂಟರಿನಲ್ಲಿ ಮುದ್ರಿಸಿ ನೋಡಿ.

## ಹಂತ 8: ಕೊಡುವ ಸ್ಥಳವನ್ನು ಮೊದಲು ಪರೀಕ್ಷಿಸುವುದು

ಯಂತ್ರಗಳನ್ನು ಒಯ್ಯುವ ಒಂದು ವಾರ ಮೊದಲು ಮಲ್ಟಿಮೀಟರ್ ಹಿಡಿದು ಹೋಗಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್, ಫೇಸ್ ಮತ್ತು ಅರ್ಥಿಂಗ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಎರಡು ಮೂರು ವೋಲ್ಟಿಗಿಂತ ಕಡಿಮೆ ಇರಬೇಕು. ಹಳೆಯ ಶಾಲಾ ಕಟ್ಟಡಗಳಲ್ಲಿ ಮೂರನೆಯ ಕಿಂಡಿ ಇರುತ್ತದೆ, ಅದಕ್ಕೆ ತಂತಿಯೇ ಇರುವುದಿಲ್ಲ. ಅಂಥಲ್ಲಿ ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಸೋರುವ ಕಿರುಪ್ರಮಾಣದ ವಿದ್ಯುತ್ ಕ್ಯಾಬಿನೆಟ್ಟಿಗೆ ಬಂದು, ಬರಿಗಾಲಿನ ಮಗು ಮುಟ್ಟಿದಾಗ ಜುಮ್ಮೆನ್ನುತ್ತದೆ. “ಸ್ವಲ್ಪ ಶಾಕ್ ಹೊಡೆಯುತ್ತದೆ ಅಷ್ಟೇ” ಎಂದು ಯಾರಾದರೂ ಹೇಳಿದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ಅರ್ಥಿಂಗ್ ಮಾಡಿಸಿದ ಮೇಲೆಯೇ ಮುಂದುವರಿಯಿರಿ.

ಒಂದು ಹಳೆಯ ಡೆಸ್ಕ್‌ಟಾಪ್ ಮತ್ತು ಪರದೆಗೆ 100 ವ್ಯಾಟ್ ಹಿಡಿದರೆ ಇಪ್ಪತ್ತಕ್ಕೆ 2,000 ವ್ಯಾಟ್, ಅಂದರೆ ಒಂಬತ್ತು ಆಂಪಿಯರಿನ ಹತ್ತಿರ. ಇದನ್ನು ಒಂದೇ 6 ಆಂಪಿಯರ್ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಬೋರ್ಡಿಗೆ ಬೋರ್ಡು ಸಿಕ್ಕಿಸಿ ಎಳೆಯುವಂತಿಲ್ಲ. ಕರೆಂಟು ದಿನಕ್ಕೆ ನಾಲ್ಕು ಬಾರಿ ಹೋಗುವ ಊರಿಗೆ ಡೆಸ್ಕ್‌ಟಾಪ್ ಇಪ್ಪತ್ತರ ಬದಲು ಲ್ಯಾಪ್‌ಟಾಪ್ ಹತ್ತು ಕೊಡುವುದು ನನ್ನ ಆಯ್ಕೆ.

ಜವಾಬ್ದಾರಿಗೆ ಒಬ್ಬರ ಹೆಸರಿರಬೇಕು. ಮುಖ್ಯೋಪಾಧ್ಯಾಯರು ಒಪ್ಪಿದರೆ ಸಾಲದು, ಅವರಿಗೆ ವರ್ಗಾವಣೆಯಾಗುತ್ತದೆ; ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಬ್ಬ ಸದಸ್ಯರನ್ನೂ ಒಬ್ಬ ಶಿಕ್ಷಕರನ್ನೂ ಸೇರಿಸಿ ಒಪ್ಪಂದದ ಪತ್ರ ಬರೆಯಿರಿ. ಗ್ರಾಮ ಪಂಚಾಯಿತಿ ಗ್ರಂಥಾಲಯವಾದರೆ ಗ್ರಂಥಪಾಲಕರ ಜೊತೆಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಸಹಿಯೂ ಇರಲಿ. ಇಪ್ಪತ್ತು ಯಂತ್ರ ಸಿದ್ಧವಿದ್ದರೆ ಹದಿನೇಳನ್ನು ಕೊಟ್ಟು ಮೂರನ್ನು ನಿಮ್ಮಲ್ಲಿ ಬದಲಿಯಾಗಿ ಇಟ್ಟುಕೊಳ್ಳಿ. ಕೆಟ್ಟ ಯಂತ್ರವನ್ನು ಅಲ್ಲಿಯೇ ಬಿಚ್ಚಿ ಕೂರುವುದಕ್ಕಿಂತ ಬದಲಿ ಇಟ್ಟು, ಕೆಟ್ಟದ್ದನ್ನು ಹೊತ್ತು ತರುವುದು ವೇಗ.

ಮೊದಲ ತಿಂಗಳು ವಾರಕ್ಕೊಮ್ಮೆ, ಮುಂದೆ ತಿಂಗಳಿಗೊಮ್ಮೆ ಹೋಗಿ ನೋಡಿ. ಎಷ್ಟು ಯಂತ್ರ ಚಾಲೂ ಇವೆ ಎಂದು ಕೇಳಬೇಡಿ. ಪ್ರತಿಯೊಂದನ್ನೂ ನೀವೇ ಒತ್ತಿ ನೋಡಿ. ಕೀಬೋರ್ಡಿನ ಮೇಲೆ ಧೂಳು ಕೂತಿದ್ದರೆ ಸಮಸ್ಯೆ ಯಂತ್ರದ್ದೋ ಕೋಣೆಯ ಬೀಗದ ಕೈಯದೋ ಎಂದು ವಿಚಾರಿಸಿ. ಬಹಳ ಕಡೆ ಎರಡನೆಯದೇ.

## ಹಂತ 9: ಉಳಿದದ್ದರ ವಿಲೇವಾರಿ

ವಿಲೇವಾರಿಯ ರಾಶಿಯನ್ನು ಮೂರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ನಿಯಮವನ್ನು ತಂಡವೇ ಮಾಡಿಕೊಳ್ಳಲಿ, ಇಲ್ಲದಿದ್ದರೆ ನಿಮ್ಮ ಕೋಣೆಯೂ ದಾನಿಯ ಗೋದಾಮಿನಂತಾಗುತ್ತದೆ. ಗುಜರಿಯವರು ಕಿಲೊಗೆ ಹೆಚ್ಚು ಹಣ ಕೊಡುತ್ತಾರೆ ನಿಜ. ಅಲ್ಲಿಂದ ಮುಂದೆ ಕೇಬಲುಗಳನ್ನು ತಾಮ್ರಕ್ಕಾಗಿ ಬಯಲಿನಲ್ಲಿ ಸುಡಲಾಗುತ್ತದೆ, ಬೋರ್ಡುಗಳನ್ನು ಚಿನ್ನಕ್ಕಾಗಿ ಆಮ್ಲದಲ್ಲಿ ಅದ್ದಲಾಗುತ್ತದೆ, ಆ ಹೊಗೆಯೂ ನೀರೂ ಯಾರದೋ ಮನೆಯ ಬಾಗಿಲಿಗೆ ಹೋಗುತ್ತವೆ. ನೋಂದಾಯಿತ ಮರುಬಳಕೆದಾರರಿಗೆ ಮಾತ್ರ ಕೊಡಿ. ನೋಂದಣಿ ಇದೆಯೇ ಎಂಬುದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ತ್ಯಾಜ್ಯ ಪೋರ್ಟಲಿನಲ್ಲಿ ನೀವೇ ಪರಿಶೀಲಿಸಿ.

ಕಳಿಸುವ ಮೊದಲು ತೂಕ ಮಾಡಿ, ಎರಡು ಪ್ರತಿಯಲ್ಲಿ ರಸೀದಿ ಪಡೆಯಿರಿ. ಬ್ಯಾಟರಿಗಳನ್ನು ಈ ರಾಶಿಯಲ್ಲಿ ಬೆರೆಸಬಾರದು. ಅವುಗಳಿಗೆ 2022ರದೇ ಪ್ರತ್ಯೇಕ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಲಿಥಿಯಂ ಬ್ಯಾಟರಿಗಳ ತುದಿಗಳಿಗೆ ಟೇಪು ಸುತ್ತಿ, ಒಂದಕ್ಕೊಂದು ತಗಲದಂತೆ ಕಟ್ಟಬೇಕು. ಕಳಿಸಿದ ಪ್ರತಿ ಯಂತ್ರದ ಸಂಖ್ಯೆಯ ಮುಂದೆ ದಾಸ್ತಾನು ಪುಸ್ತಕದಲ್ಲಿ ರಸೀದಿ ಸಂಖ್ಯೆಯನ್ನು ಬರೆದು, ಪುಟದ ನಕಲನ್ನು ದಾನಿಗೆ ಕಳಿಸಿ.